ಮೆಕ್ಯಾನಿಕಲ್ ಓದಿದವರು ಸಿನಿಮಾ ಲೆನ್ಸ್ ಮಾಡೋಕಾಗುತ್ತಾ?

ಪ್ರಶ್ನೆ: ಸರ್, ನಾನು ಶಿರಾದವಳು. ತುಮಕೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಸಿನಿಮಾ ಕ್ಯಾಮೆರಾಗಳ ಲೆನ್ಸ್ ಡಿಸೈನ್ ಮಾಡುವ ಎಂಜಿನಿಯರ್ ಆಗಬೇಕು ಅಂತ ಆಸೆ. ಅಂಥ ಕೆಲಸ ನಮ್ಮ ಕಡೆ ಇದೆಯಾ? ಫಿಸಿಕ್ಸ್ ತಗೊಳ್ಳದೆ ತಪ್ಪು ಮಾಡಿದೆನಾ? ಅಮ್ಮ ಸುಮ್ನೆ ಸಾಫ್ಟ್‌ವೇರ್‌ಗೆ ಹೋಗು ಅನ್ನುತ್ತಾರೆ. ಇನ್ನೊಂದು ವಿಷಯ, ನನಗೆ ಮೈನಸ್ ನಾಲ್ಕರ ಕನ್ನಡಕ ಇದೆ. ಈ ಕೆಲಸಕ್ಕೆ ಅದರಿಂದ ತೊಂದರೆಯಾ?

ಉತ್ತರ: ನನ್ನ ಮಗಳಿಗಿಂತ ಚಿಕ್ಕವಳು, ಹಾಗಾಗಿ ನೀನು ಅಂತಲೇ ಬರೆಯುತ್ತೇನಮ್ಮ, ಬೇಜಾರಾಗಬೇಡ. ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಅಂಥ ಕೆಲಸ ಇದೆ, ಆದರೆ ಪ್ರಪಂಚದಲ್ಲೇ ಬಹಳ ಕಡಿಮೆ ಜನ ಮಾಡುವ ಕೆಲಸ. ನಮ್ಮ ಕಡೆ ಸಿನಿಮಾ ಲೆನ್ಸನ್ನೇ ನಂಬಿಕೊಂಡು ಕೂತರೆ ಹೊಟ್ಟೆ ತುಂಬುವುದಿಲ್ಲ. ಮೆಕ್ಯಾನಿಕಲ್ ತಗೊಂಡಿದ್ದು ಮಾತ್ರ ಖಂಡಿತ ತಪ್ಪಲ್ಲ. ನಾನೂ ಇದೇ ತುಮಕೂರಿನಲ್ಲಿ ಮೆಕ್ಯಾನಿಕಲ್ ಓದಿದವನೇ. ಯಾಕೆ ತಪ್ಪಲ್ಲ ಅಂತ ಹೇಳೋಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ, ಕಾಫಿ ಇಟ್ಟುಕೊಂಡು ಓದು.

ನನಗೆ ಈ ಹುಚ್ಚು ಹತ್ತಿದ್ದು ಕ್ಯಾಮೆರಾದಿಂದ ಅಲ್ಲ, ಪ್ರೊಜೆಕ್ಟರಿನಿಂದ. ಗುಬ್ಬಿ ತಾಲೂಕಿನ ನಮ್ಮಜ್ಜಿ ಊರಿಗೆ ಬೇಸಿಗೆಯಲ್ಲಿ ಟೂರಿಂಗ್ ಟಾಕೀಸ್ ಬರುತ್ತಿತ್ತು. ಒಂದು ರಾತ್ರಿ ಆಪರೇಟರ್ ಸ್ಕೋಪ್ ಲೆನ್ಸ್ ಹಾಕುವುದನ್ನೇ ಮರೆತು ರೀಲ್ ಓಡಿಸಿಬಿಟ್ಟ. ಪರದೆ ಮೇಲೆ ಹೀರೊ ತೆಂಗಿನ ಮರ ಆಗಿದ್ದ, ವಿಲನ್ ಹೊಟ್ಟೆ ಕರಗಿಹೋಗಿತ್ತು, ಗಾಡಿ ಚಕ್ರ ಕೋಳಿಮೊಟ್ಟೆ ಥರ ಉರುಳುತ್ತಿತ್ತು. ಜನ ಶಿಳ್ಳೆ ಹೊಡೆದರು, ಬಾಯಿಗೆ ಬಂದ ಹಾಗೆ ಬೈದರು, ಯಾರೋ ಚಪ್ಪಲಿಯನ್ನೂ ಎಸೆದರು. ಆಪರೇಟರ್ ಗಡಿಬಿಡಿಯಲ್ಲಿ ಒಂದು ದಪ್ಪ ಕೊಳವೆ ತಂದು ಪ್ರೊಜೆಕ್ಟರ್ ಮುಂದೆ ಸಿಕ್ಕಿಸಿ ತಿರುಗಿಸಿದ. ಎಲ್ಲರೂ ಒಂದೇ ಏಟಿಗೆ ಮನುಷ್ಯರಾದರು. ಅವತ್ತಿನ ಕತೆ ಏನು ಅಂತ ಒಂಚೂರೂ ನೆನಪಿಲ್ಲ. ಆ ಕೊಳವೆಯೊಳಗೆ ಏನಿತ್ತು ಅನ್ನುವುದೊಂದೇ ತಲೆಯಲ್ಲಿ ಉಳಿಯಿತು.

ಅದರೊಳಗೆ ಇದ್ದದ್ದು ಸಿಲಿಂಡರ್ ಥರ ಒಂದೇ ದಿಕ್ಕಿಗೆ ಬಾಗಿದ ಗಾಜು. ಶೂಟಿಂಗ್‌ನಲ್ಲಿ ಕ್ಯಾಮೆರಾದ ಅನಮಾರ್ಫಿಕ್ ಲೆನ್ಸ್ ಚಿತ್ರವನ್ನು ಅಡ್ಡಡ್ಡಕ್ಕೆ ಅರ್ಧಕ್ಕೆ ಹಿಂಡುತ್ತದೆ. ಥಿಯೇಟರಿನಲ್ಲಿ ಇನ್ನೊಂದು ಲೆನ್ಸ್ ಅದನ್ನು ಬಿಡಿಸುತ್ತದೆ. ಫ್ರಾನ್ಸಿನ ಆನ್ರಿ ಕ್ರೆತಿಯಾಂ 1920ರ ದಶಕದಲ್ಲೇ ಇದನ್ನು ಮಾಡಿದ್ದರು. ಅಮೆರಿಕದ ಫಾಕ್ಸ್ ಸ್ಟುಡಿಯೊ ಅದನ್ನು ತಗೊಂಡು 1953ರಲ್ಲಿ ಸಿನಿಮಾಸ್ಕೋಪ್ ಅಂತ ಹೆಸರಿಟ್ಟು ತೆರೆಗೆ ತಂದಿತು. ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ 1959ರದ್ದು, ಅದಕ್ಕೆ ಕ್ಯಾಮೆರಾ ಹಿಡಿದವರು ಮೈಸೂರಿನ ವಿ.ಕೆ. ಮೂರ್ತಿ. ಆ ಕಾಲದ ಸ್ಕೋಪ್ ಲೆನ್ಸ್‌ಗಳಿಗೆ ಒಂದು ಕಾಯಿಲೆ ಇತ್ತು. ಹತ್ತಿರದಿಂದ ಮುಖ ತೆಗೆದರೆ ಲೆನ್ಸ್ ಪೂರ್ತಿ ಹಿಂಡುತ್ತಿರಲಿಲ್ಲ, ಥಿಯೇಟರಿನ ಲೆನ್ಸ್ ಮಾತ್ರ ಪೂರ್ತಿ ಬಿಡಿಸುತ್ತಿತ್ತು, ಹಾಗಾಗಿ ನಾಯಕಿಯ ಕೆನ್ನೆ ಊದಿಕೊಂಡು ಕಾಣುತ್ತಿತ್ತು. ಹಾಲಿವುಡ್ಡಿನವರು ಅದಕ್ಕೆ ಮಂಗಬಾವು ಅಂತಲೇ ಹೆಸರಿಟ್ಟಿದ್ದರು. ಒಂದಕ್ಕೊಂದು ಎದುರಾಗಿ ತಿರುಗುವ ಸಣ್ಣ ಪವರಿನ ಎರಡು ಸಿಲಿಂಡರ್ ಗಾಜುಗಳನ್ನು ಫೋಕಸ್ ರಿಂಗಿಗೆ ಜೋಡಿಸಿ ಪನವಿಷನ್ ಕಂಪನಿ ಆ ಬಾವು ಇಳಿಸಿತು. ಗಮನಿಸು, ಔಷಧಿಯಲ್ಲಿ ಗಾಜು ಎಷ್ಟಿದೆಯೋ ಗೇರು, ಕ್ಯಾಮ್ ಕೂಡ ಅಷ್ಟೇ ಇದೆ.

ಇಲ್ಲಿ ನಮ್ಮಪ್ಪನ ವಿಷಯ ಬರುತ್ತದೆ. ಅವರು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಅಸೆಂಬ್ಲಿಯಲ್ಲಿದ್ದರು. ಭಾನುವಾರ ಅಕ್ಕಪಕ್ಕದವರ ವಾಚು ಬಿಚ್ಚಿಕೊಂಡು ಕೂತರೆ ಮನೆಯಲ್ಲಿ ಫ್ಯಾನ್ ಹಾಕುವ ಹಾಗಿರಲಿಲ್ಲ. ನಾನು ಬಗ್ಗಿ ನೋಡಿದರೆ "ಉಸಿರು ಆ ಕಡೆ ಬಿಡು" ಅನ್ನೋರು. ಆ ಕಾರ್ಖಾನೆ ಈಗಿಲ್ಲ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಸರ್ಕಾರ ತೀರ್ಮಾನಿಸಿತು, ಜಾಗ ಇಸ್ರೊ ಕೈಗೆ ಹೋಯಿತು. ಎಷ್ಟೋ ವರ್ಷ ಆದಮೇಲೆ ನಾನು ಪರದೇಶದ ಒಂದು ಲೆನ್ಸ್ ಕಂಪನಿಗೆ ಸೇರಿದಾಗ ಮೊದಲ ವಾರ ಅಸೆಂಬ್ಲಿ ಮೇಜಿನ ಹತ್ತಿರ ಕೂರಿಸಿದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ವಯಸ್ಸಾದ ಹೆಂಗಸೊಬ್ಬರು ಲೆನ್ಸ್ ಜೋಡಿಸುತ್ತಿದ್ದರು. ನಾನು ಬಗ್ಗಿದ ಕೂಡಲೇ ತಲೆಯೆತ್ತದೆ ಅದೇ ಮಾತು ಹೇಳಿದರು, ಅವರ ಭಾಷೆಯಲ್ಲಿ. ನಗು ತಡೆಯಲಾಗಲಿಲ್ಲ.

ಸಿನಿಮಾ ಲೆನ್ಸ್ ಯಾಕೆ ಇಷ್ಟು ನಾಜೂಕು? ಪೆನ್ನು ತಗೋ, ಒಂದು ಲೆಕ್ಕ ಮಾಡೋಣ. ದೊಡ್ಡ ಸಿನಿಮಾ ಕ್ಯಾಮೆರಾಗಳಲ್ಲಿ ಪಿಎಲ್ ಮೌಂಟ್ ಅಂತ ಇರುತ್ತದೆ. ಲೆನ್ಸ್ ಕೂರುವ ಲೋಹದ ಮುಖದಿಂದ ಸೆನ್ಸರ್‌ವರೆಗೆ 52.00 ಮಿ.ಮೀ. ಇರಬೇಕು. ಆ ಎರಡು ಸೊನ್ನೆಗಳು ಶೋಕಿಗೆ ಹಾಕಿದ್ದಲ್ಲ. 18 ಮಿ.ಮೀ.ನ ವೈಡ್ ಲೆನ್ಸ್ ಒಂದು 0.02 ಮಿ.ಮೀ.ನಷ್ಟು ಸೆನ್ಸರ್‌ನಿಂದ ದೂರ ಕೂತಿತು ಅಂದುಕೋ, ತಲೆಗೂದಲಿನ ದಪ್ಪದ ಕಾಲು ಭಾಗ ಇರಬಹುದು ಅಷ್ಟೇ. ಫೋಕಲ್ ಲೆಂತ್‌ನ (ದೂರದ ಬೆಳಕನ್ನು ಲೆನ್ಸ್ ಒಂದು ಚುಕ್ಕಿಗೆ ತರುವ ದೂರ, ಇಲ್ಲಿ 18 ಮಿ.ಮೀ.) ವರ್ಗವನ್ನು ಆ ತಪ್ಪಿನಿಂದ ಭಾಗಿಸು. 18 ಸಲ 18 ಅಂದರೆ 324, ಅದನ್ನು 0.02ರಿಂದ ಭಾಗಿಸಿದರೆ 16,200 ಮಿ.ಮೀ. ಅಂದರೆ ರಿಂಗನ್ನು ಕೊನೆಯವರೆಗೆ, ಅನಂತದ ಗುರುತಿಗೆ ತಿರುಗಿಸಿದರೂ ಲೆನ್ಸ್ ನೋಡುತ್ತಿರುವುದು 16 ಮೀಟರ್ ದೂರವನ್ನು. ದೇವರಾಯನದುರ್ಗದ ಬೆಟ್ಟ ಮಸುಕು. ಇದೇ ಲೆನ್ಸಿನಲ್ಲಿ 3 ಮೀಟರ್ ಅಂತ ಗುರುತಿರುವ ಕಡೆ ನಿಜವಾಗಿ ಫೋಕಸ್ ಆಗುವುದು ಸುಮಾರು ಎರಡೂವರೆ ಮೀಟರಿಗೆ. 100 ಮಿ.ಮೀ. ಲೆನ್ಸಿಗೆ ಇದೇ ತಪ್ಪಾದರೆ ಅನಂತದ ಗುರುತು 500 ಮೀಟರಿಗೆ ಬಂದು ನಿಲ್ಲುತ್ತದೆ, ಅದು ಅಷ್ಟು ತಲೆನೋವಲ್ಲ. ಜನ ವೈಡ್ ಲೆನ್ಸ್ ಸುಲಭ, ಟೆಲಿ ಕಷ್ಟ ಅಂದುಕೊಳ್ಳುತ್ತಾರೆ. ಮೌಂಟಿನ ವಿಷಯದಲ್ಲಿ ಉಲ್ಟಾ.

ಸ್ಟಿಲ್ ಕ್ಯಾಮೆರಾದಲ್ಲಿ ಆಟೊಫೋಕಸ್ ಇಂಥದ್ದನ್ನೆಲ್ಲ ತಾನೇ ಸರಿಮಾಡಿಕೊಂಡುಬಿಡುತ್ತದೆ. ಸಿನಿಮಾ ಸೆಟ್ಟಿನಲ್ಲಿ ಇನ್ನೂ ಫೋಕಸ್ ಪುಲ್ಲರ್ ಟೇಪ್ ಹಿಡಿದು ದೂರ ಅಳೆದು, ಲೆನ್ಸಿನ ಮೇಲಿನ ಗುರುತು ನಂಬಿ ರಿಂಗ್ ತಿರುಗಿಸುತ್ತಾನೆ. ಮಾನಿಟರ್ ಇದ್ದರೂ ಗುರುತು ಸುಳ್ಳು ಹೇಳಿದರೆ ಅವನ ಟೇಕ್ ಹೋಯಿತು, ಬೈಗುಳ ತಿನ್ನುವವನೂ ಅವನೇ. ಅದಕ್ಕೆ ಒಳ್ಳೆ ಸಿನಿಮಾ ಲೆನ್ಸಿನ ರಿಂಗು 300 ಡಿಗ್ರಿಯ ಹತ್ತಿರ ತಿರುಗುತ್ತದೆ, ಗುರುತುಗಳು ದೂರ ದೂರ ಬೀಳಲಿ ಅಂತ. ದುಬಾರಿ ಲೆನ್ಸ್‌ಗಳಲ್ಲಿ ಪ್ರತಿಯೊಂದನ್ನೂ ಬೇರೆ ಬೇರೆ ಅಳೆದು ಆ ಲೆನ್ಸಿನದ್ದೇ ಗುರುತು ಕೆತ್ತುತ್ತಾರೆ. ರಿಂಗಿನ ಹಲ್ಲು ಕೂಡ ನಿನ್ನ ಸಿಲಬಸ್ಸಿನದ್ದೇ, 0.8 ಮಾಡ್ಯೂಲ್ ಗೇರ್.

ಬಿಸಿಲು ಇನ್ನೊಂದು. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಮೀಟರಿಗೆ 23 ಮೈಕ್ರಾನ್ ಹಿಗ್ಗುತ್ತದೆ. 100 ಮಿ.ಮೀ. ಉದ್ದದ ಬ್ಯಾರೆಲ್, ಅಂದರೆ ಗಾಜುಗಳನ್ನು ಹಿಡಿದಿಡುವ ಲೋಹದ ಕೊಳವೆ, ಬೆಳಗ್ಗೆ ಎಸಿ ಕಾರಿನಿಂದ ತೆಗೆದು ನಿಮ್ಮ ಶಿರಾದ ಏಪ್ರಿಲ್ ಬಿಸಿಲಿಗೆ ಇಟ್ಟರೆ 30 ಡಿಗ್ರಿ ಏರುವುದು ದೊಡ್ಡ ಮಾತಲ್ಲ. ಹಿಗ್ಗಿದ್ದು 0.07 ಮಿ.ಮೀ. ಮೇಲೆ ಮಾಡಿದ ಲೆಕ್ಕದ ತಪ್ಪಿಗಿಂತ ಮೂರೂವರೆ ಪಟ್ಟು. ಹಾಗಾಗಿ ಯಾವ ಲೋಹ, ಗಾಜುಗಳ ನಡುವೆ ಅಂತರ ಕಾಯುವ ಸ್ಪೇಸರ್ ಎಲ್ಲಿ, ಯಾವುದು ಹಿಗ್ಗಿದರೆ ಯಾವುದು ಅದನ್ನು ವಾಪಸ್ ತಳ್ಳಬೇಕು ಅನ್ನುವುದೆಲ್ಲ ಡಿಸೈನಿನ ಒಳಗೇ ಬರಬೇಕು, ಆಮೇಲೆ ತೇಪೆ ಹಾಕೋಕಾಗಲ್ಲ. ಇದನ್ನು ಫಿಸಿಕ್ಸ್ ಓದಿದವರಿಗಿಂತ ನೀನು ಬೇಗ ಹಿಡಿಯುತ್ತೀಯ.

ಇನ್ನು ಗಾಜಿನ ಕಡೆ ಬರೋಣ, ಅದನ್ನು ಕಲಿಯದೆ ಬಿಡುವ ಹಾಗಿಲ್ಲ. 1893ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಡೆನಿಸ್ ಟೇಲರ್ ಅನ್ನುವವರು ಮೂರೇ ಗಾಜಿನ ಒಂದು ಲೆನ್ಸ್ ಮಾಡಿದರು, ಕುಕ್ ಟ್ರಿಪ್ಲೆಟ್ ಅಂತ ಹೆಸರು. ಮೂರು ಗಾಜು ಅಂದರೆ ಆರು ಬಾಗು, ನಡುವೆ ಎರಡು ಗಾಳಿಯ ಜಾಗ, ಒಟ್ಟು ಎಂಟು. ತಿದ್ದಬೇಕಾದ ದೊಡ್ಡ ದೋಷಗಳು ಏಳು, ಆಕಾರ ಕೆಡಿಸುವುವು ಐದು, ಬಣ್ಣ ಚೆಲ್ಲುವುವು ಎರಡು. ಬೇಕಾದ ಫೋಕಲ್ ಲೆಂತ್ ಸೇರಿಸಿದರೆ ಎಂಟು. ಎಂಟಕ್ಕೆ ಎಂಟು, ಒಂದೂ ದಂಡವಿಲ್ಲ. ಇದನ್ನು ಮೊದಲ ಸಲ ಓದಿದಾಗ ನಾನು ಬಸ್ಸಿನಲ್ಲಿದ್ದೆ, ಕ್ಯಾತ್ಸಂದ್ರದಲ್ಲಿ ಇಳಿಯುವುದು ಬಿಟ್ಟು ಮುಂದೆ ಹೋಗಿಬಿಟ್ಟಿದ್ದೆ. ಈಗಿನ ಸಿನಿಮಾ ಲೆನ್ಸ್‌ಗಳಲ್ಲಿ ಹದಿನೈದು, ಇಪ್ಪತ್ತು ಗಾಜು ಇರುವುದು ಮಾಮೂಲು. ಹಿಂದೆ ಒಂದೊಂದು ಕಿರಣವನ್ನೂ ಲಾಗರಿದಮ್ ಪುಸ್ತಕ ಹಿಡಿದು ಕೈಯಲ್ಲಿ ಲೆಕ್ಕ ಹಾಕುತ್ತಿದ್ದರು. 1840ರಲ್ಲಿ ವಿಯೆನ್ನಾದ ಪೆಟ್ಸ್‌ವಾಲ್‌ಗೆ ಸೈನ್ಯದ ಫಿರಂಗಿ ದಳದ ಲೆಕ್ಕಿಗರನ್ನು ಕೊಟ್ಟಿದ್ದರಂತೆ, ಗುಂಡಿನ ದಾರಿ ಲೆಕ್ಕ ಹಾಕುವವರು ಬೆಳಕಿನ ದಾರಿ ಲೆಕ್ಕ ಹಾಕಿದರು. ಈಗ ಜೀಮ್ಯಾಕ್ಸ್, ಕೋಡ್ ವಿ ಥರದ ಸಾಫ್ಟ್‌ವೇರ್ ಕಣ್ಣು ಮುಚ್ಚಿ ಬಿಡುವುದರೊಳಗೆ ಲಕ್ಷಾಂತರ ಕಿರಣ ಓಡಿಸುತ್ತವೆ.

ಹಾಗಾದರೆ ಎಂಜಿನಿಯರ್ ಯಾಕೆ ಬೇಕು ಅಂತ ಕೇಳಬಹುದು. ಸಾಫ್ಟ್‌ವೇರಿಗೆ ಎಲ್ಲ ದೋಷಕ್ಕೂ ಅಂಕ ಹಾಕಿಕೊಟ್ಟು "ಕಡಿಮೆ ಮಾಡು" ಅಂತ ಬಿಟ್ಟರೆ ಅದು ಇಳಿಜಾರು ಹುಡುಕಿಕೊಂಡು ಇಳಿಯುತ್ತದೆ. ಹತ್ತಿರದಲ್ಲಿ ಒಂದು ಹಳ್ಳ ಸಿಕ್ಕಿದರೆ ಅಲ್ಲೇ ಕೂತುಬಿಡುತ್ತದೆ. ಪಕ್ಕದ ಗುಡ್ಡ ಹತ್ತಿ ಇಳಿದರೆ ಕೆರೆಯೇ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು, ಯಾವ ಗಾಜನ್ನು ಎರಡು ಮಾಡಬೇಕು, ಯಾವುದನ್ನು ತೆಗೆದು ಬಿಸಾಡಬೇಕು ಅನ್ನುವುದು ನಿನ್ನ ಕೆಲಸ. ಹಳೇ ಪೇಟೆಂಟುಗಳನ್ನು ಓದಿ ಓದಿ ಬರುವ ಬುದ್ಧಿ ಅದು.

ಬುದ್ಧಿ ಬರುವ ಮುಂಚೆ ನಾನು ಮಾಡಿದ ಘನಕಾರ್ಯ ಹೇಳುತ್ತೇನೆ. ಬೆಂಗಳೂರಿನ ಒಂದು ಕಂಪನಿಯಲ್ಲಿ ಮೊದಲ ಕೆಲಸ, ಅಳತೆ ಯಂತ್ರಕ್ಕೆ ಒಂದು ಲೆನ್ಸ್. ಎರಡು ತಿಂಗಳು ಕೂತು ಮಾಡಿದೆ. ಪರದೆ ಮೇಲೆ ಅದ್ಭುತ, ಬಾಸ್ ಬೆನ್ನು ತಟ್ಟಿದರು. ಡ್ರಾಯಿಂಗ್ ವರ್ಕ್‌ಶಾಪಿಗೆ ಹೋಯಿತು. ಸಾಣೆ ಹಿಡಿಯುವ ಮೇಸ್ತ್ರಿ ಒಂದು ಗಾಜಿನ ಡ್ರಾಯಿಂಗ್ ಹಿಡಿದುಕೊಂಡು ಮೇಲೆ ಬಂದರು. ಬಟ್ಟಲಿನ ಆಕಾರದ ಗಾಜು ಅದು, ಒಳಬಾಗು ಹೊರಬಾಗು ಎರಡರ ಕೇಂದ್ರವೂ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ. ಪಾಲಿಶ್ ಆದಮೇಲೆ ಗಾಜನ್ನು ಎರಡು ಕಡೆಯಿಂದ ಉಂಗುರದಂಥ ಚಕ್‌ನಲ್ಲಿ ಹಿಡಿದು ಅಂಚು ತೆಗೆಯುತ್ತಾರೆ, ಗಾಜು ತಾನೇ ಜಾರಿ ನಡುವಿಗೆ ಬಂದು ಕೂರಬೇಕು. ಎರಡು ಬಾಗೂ ಒಂದೇ ಕೇಂದ್ರದ್ದಾದರೆ ಅದು ಎಲ್ಲಿಟ್ಟರೂ ಅಲ್ಲೇ ಇರುತ್ತದೆ, ನಡು ಯಾವುದು ಅಂತ ಅದಕ್ಕೇ ಗೊತ್ತಾಗಲ್ಲ. "ಇದನ್ನ ನಿಮ್ಮ ಕಂಪ್ಯೂಟರ್ ಕೈಲೇ ಮಾಡಿಸಿ ಸಾರ್" ಅಂತ ಹೇಳಿ ಕಾಗದ ಮೇಜಿನ ಮೇಲಿಟ್ಟು ಹೋದರು. ಆ ಸಂಜೆಯಿಂದ ಆರು ತಿಂಗಳು ದಿನಾ ಒಂದು ಗಂಟೆ ಅವರ ಶೆಡ್ಡಿನಲ್ಲೇ ನಿಂತೆ. ಯಾವ ಗಾಜು ಬಿಸಿನೀರಿನಿಂದ ತೆಗೆದ ಕೂಡಲೇ ತಣ್ಣೀರು ತಾಕಿದರೆ ಚಟ್ ಅಂತ ಸೀಳುತ್ತದೆ, ಯಾವುದಕ್ಕೆ ಬೆವರಿನ ಕೈ ತಗುಲಿದರೆ ಕಲೆ ಕೂರುತ್ತದೆ, ಅಂಚು ಎಷ್ಟು ತೆಳುವಾದರೆ ಚೂರು ಹಾರುತ್ತದೆ ಅನ್ನುವುದನ್ನೆಲ್ಲ ಕಲಿತದ್ದು ಅಲ್ಲಿ. ಆಮೇಲಿನ ಓದು, ಡಿಗ್ರಿ ಎಲ್ಲ ಅದರ ಮೇಲೆ ಕಟ್ಟಿದ್ದು.

ಈ ಕೆಲಸದಲ್ಲಿ ಮುಖ್ಯವಾದ ಪ್ರಶ್ನೆಯೂ ಅದೇ. ಕಂಪ್ಯೂಟರಿನಲ್ಲಿ ಲೆನ್ಸ್ ಎಷ್ಟು ಚೆನ್ನಾಗಿದೆ ಅನ್ನುವುದಲ್ಲ, ಒಂದೊಂದು ಗಾಜೂ ಹತ್ತು ಮೈಕ್ರಾನ್ ಓರೆಯಾಗಿ, ಒಂದೊಂದು ಸ್ಪೇಸರೂ ಸ್ವಲ್ಪ ದಪ್ಪವಾಗಿ ಬಂದಾಗಲೂ ನೂರರಲ್ಲಿ ಎಷ್ಟು ಲೆನ್ಸ್ ಪಾಸಾಗುತ್ತವೆ ಅನ್ನುವುದು. ಟಾಲರೆನ್ಸ್, ಅಂದರೆ ಅಳತೆಯಲ್ಲಿ ಎಷ್ಟು ತಪ್ಪಿದರೆ ನಡೆಯುತ್ತದೆ ಅನ್ನುವುದು, ಗೊತ್ತಿಲ್ಲದ ಲೆನ್ಸ್ ಡಿಸೈನರ್ ಚೆಂದದ ಚಿತ್ರ ಬರೆಯುತ್ತಾನೆ, ಅಷ್ಟೇ.

ಕೋಟಿಂಗ್, ಅಂದರೆ ಬೆಳಕು ವಾಪಸ್ ಹೋಗುವುದನ್ನು ತಗ್ಗಿಸೋಕೆ ಗಾಜಿನ ಮೇಲೆ ಹಾಕುವ ತೆಳು ಪದರ, ಅದರ ಬಗ್ಗೆ ಒಂದು ಲೆಕ್ಕ ಕೊಟ್ಟು ಮುಂದೆ ಹೋಗುತ್ತೇನೆ. ಕೋಟಿಂಗ್ ಇಲ್ಲದ ಸಾಮಾನ್ಯ ಗಾಜಿನ ಒಂದೊಂದು ಮುಖವೂ ಸುಮಾರು ಶೇಕಡಾ 4 ಬೆಳಕು ವಾಪಸ್ ಎಸೆಯುತ್ತದೆ. ಹದಿನೈದು ಗಾಜು, ಮೂವತ್ತು ಮುಖ. 0.96ನ್ನು ಮೂವತ್ತು ಸಲ ಗುಣಿಸು, ಉಳಿಯುವುದು ಶೇಕಡಾ 29. ಪ್ರತಿ ಮುಖದ ನಷ್ಟವನ್ನು ಅರ್ಧ ಶೇಕಡಾಕ್ಕೆ ಇಳಿಸಿದರೆ 86 ಉಳಿಯುತ್ತದೆ. 1935ರಲ್ಲಿ ಝೈಸ್ ಕಂಪನಿಯ ಸ್ಮಕುಲಾ ಕೋಟಿಂಗ್ ಕಂಡುಹಿಡಿಯದೆ ಇದ್ದಿದ್ದರೆ ಇಷ್ಟು ಗಾಜಿನ ಲೆನ್ಸ್ ಯಾರೂ ಕನಸಿನಲ್ಲೂ ಮಾಡುತ್ತಿರಲಿಲ್ಲ. ಸಿನಿಮಾದವರು ಎಫ್ ನಂಬರ್ ಬಿಟ್ಟು ಟಿ ನಂಬರ್ ಹಿಡಿದದ್ದೂ ಇದಕ್ಕೇ. ಎಫ್ ಅಂದರೆ ಬರೀ ಜ್ಯಾಮಿತಿ, ಫೋಕಲ್ ಲೆಂತನ್ನು ಲೆನ್ಸಿನ ಬಾಯಿಯ ಅಗಲದಿಂದ ಭಾಗಿಸಿದ್ದು, ಟಿ ಅಂದರೆ ನಿಜವಾಗಿ ಆ ಕಡೆ ತಲುಪಿದ ಬೆಳಕು. ಒಂದೇ ದೃಶ್ಯದಲ್ಲಿ ಲೆನ್ಸ್ ಬದಲಾಯಿಸಿದರೂ ಬೆಳಕು ಒಂದೇ ಥರ ಇರಬೇಕಲ್ವಾ.

ಇಷ್ಟೆಲ್ಲ ಕಷ್ಟಪಟ್ಟು ದೋಷ ತೆಗೆದು ಕೊಟ್ಟರೆ ಕ್ಯಾಮೆರಾಮನ್ ಬಂದು "ತುಂಬಾ ಶಾರ್ಪ್ ಆಯಿತು, ಮುಖದ ಮೇಲಿನ ರಂಧ್ರ ಎಲ್ಲಾ ಕಾಣುತ್ತೆ" ಅನ್ನುತ್ತಾರೆ. ಡಿಜಿಟಲ್ ಸೆನ್ಸರ್ ಬಂದಮೇಲಂತೂ ಇದು ಜಾಸ್ತಿ. ಎಷ್ಟೋ ದಶಕ ಹಳೇ ಕುಕ್ ಲೆನ್ಸ್‌ಗಳ ಗಾಜು ತೆಗೆದು ಹೊಸ ಬ್ಯಾರೆಲ್ಲಿಗೆ ಹಾಕಿಸಿಕೊಂಡು ಬಾಡಿಗೆಗೆ ಬಿಡುವವರಿದ್ದಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು, ಇವರಿಗೇನು ತಲೆ ಕೆಟ್ಟಿದೆಯಾ ಅಂತ. ಎಷ್ಟೋ ಟೆಸ್ಟ್ ಶೂಟಿಂಗಿನಲ್ಲಿ ಹಿಂದೆ ನಿಂತು ನೋಡಿದಮೇಲೆ ಒಪ್ಪಿಕೊಂಡೆ. ಈಗ ಒಂದು ಚಿಟಿಕೆ ದೋಷವನ್ನು ಬೇಕಂತಲೇ ಬಿಡುವುದೂ ಡಿಸೈನಿನ ಭಾಗ. ಎಷ್ಟು ಬಿಡಬೇಕು ಅನ್ನುವುದಕ್ಕೆ ಸೂತ್ರವಿಲ್ಲ. ಹಾಂ, ಹಳೇ ಗಾಜಿಗೆ ಹೊಸ ಬ್ಯಾರೆಲ್ ಮಾಡುವ ಆ ಕೆಲಸ ಪೂರ್ತಿ ಮೆಕ್ಯಾನಿಕಲ್ಲಿನದ್ದು. ನಿನಗೆ ಅದೇ ಒಳ್ಳೆ ಬಾಗಿಲಾಗಬಹುದು.

ಈಗ ಕೆಲಸದ ಮಾತು. ಸಿನಿಮಾ ಲೆನ್ಸ್ ಮಾಡುವ ಕಂಪನಿಗಳು ಜರ್ಮನಿ, ಇಂಗ್ಲೆಂಡ್, ಫ್ರಾನ್ಸ್, ಜಪಾನ್, ಅಮೆರಿಕದಲ್ಲಿವೆ, ಇತ್ತೀಚೆಗೆ ಚೀನಾದಲ್ಲೂ. ಒಂದೊಂದರಲ್ಲಿ ಗಾಜಿನ ಡಿಸೈನ್ ಮಾಡುವವರು ಕೈಬೆರಳಲ್ಲಿ ಎಣಿಸುವಷ್ಟು, ಮೆಕ್ಯಾನಿಕಲ್ ಡಿಸೈನ್ ಮತ್ತು ಅಸೆಂಬ್ಲಿಯವರು ಅದಕ್ಕಿಂತ ಜಾಸ್ತಿ. ನೇರ ಅಲ್ಲಿಗೇ ಗುರಿ ಇಟ್ಟರೆ ನಿರಾಸೆ ಆದೀತು. ಆಪ್ಟಿಕ್ಸ್, ಅಂದರೆ ಬೆಳಕು ಮತ್ತು ಲೆನ್ಸಿನ ವಿದ್ಯೆ, ಕಲಿ, ಸಿನಿಮಾ ಆಮೇಲೆ ಬಂದರೆ ಬರಲಿ. ಪನವಿಷನ್ನಿನ ಹೆಸರಾದ ಪ್ರೈಮೊ ಲೆನ್ಸ್‌ಗಳನ್ನು ಡಿಸೈನ್ ಮಾಡಿ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಗಳನ್ನು ತಗೊಂಡ ಇಯಾನ್ ನೀಲ್ ಸ್ಕಾಟ್ಲೆಂಡಿನವರು. ಅವರು ಕೆಲಸ ಕಲಿತದ್ದು ಗ್ಲಾಸ್ಗೊದಲ್ಲಿ ರಕ್ಷಣಾ ಉಪಕರಣಗಳ ಆಪ್ಟಿಕ್ಸ್ ಮಾಡುವ ಕಡೆ. ನನ್ನ ಕತೆಯೂ ಅದೇ ಜಾಡು, ಪ್ರಶಸ್ತಿ ಒಂದು ಬಿಟ್ಟು.

ಆ ಲೆಕ್ಕದಲ್ಲಿ ನಮ್ಮ ಕಡೆ ಅವಕಾಶ ಕಡಿಮೆಯೇನಿಲ್ಲ. ಇದೇ ತುಮಕೂರು ರಸ್ತೆಯಲ್ಲಿ ಪೀಣ್ಯದಲ್ಲಿ ಇಸ್ರೊದ ಲಿಯಾಸ್ ಇದೆ, ಉಪಗ್ರಹಗಳ ಕ್ಯಾಮೆರಾ ಲೆನ್ಸ್, ಸೆನ್ಸರ್ ಮಾಡುವ ಲ್ಯಾಬು. ಡೆಹ್ರಾಡೂನಿನಲ್ಲಿ ಡಿಆರ್‌ಡಿಒದ ಐಆರ್‌ಡಿಇ, ಸೈನ್ಯಕ್ಕೆ ಬೇಕಾದ ಆಪ್ಟಿಕ್ಸ್ ಮಾಡುವ ಲ್ಯಾಬು, ಚಂಡೀಗಢದಲ್ಲಿ ಸಿಎಸ್‌ಐಒ, ವೈಜ್ಞಾನಿಕ ಉಪಕರಣಗಳ ಸಂಸ್ಥೆ. ಇವು ಬಿಟ್ಟರೆ ಮೊಬೈಲ್ ಕ್ಯಾಮೆರಾ, ಕಾರಿನ ಕ್ಯಾಮೆರಾ, ಎಂಡೋಸ್ಕೋಪ್, ಕಾರ್ಖಾನೆಗಳಲ್ಲಿ ತಪಾಸಣೆಗೆ ಇಡುವ ಕ್ಯಾಮೆರಾ, ಎಲ್ಲದಕ್ಕೂ ಲೆನ್ಸ್ ಬೇಕು, ಹಿಡಿದುಕೊಳ್ಳುವ ಬ್ಯಾರೆಲ್ ಬೇಕು. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಾರಲ್ಲ, ಅದರ ಕ್ಯಾಮೆರಾ ಲೆನ್ಸಿನ ಟಾಲರೆನ್ಸ್ ಸಿನಿಮಾ ಲೆನ್ಸಿಗಿಂತ ಬಿಗಿ. ಎಂ.ಟೆಕ್ ಮಾಡುವುದಾದರೆ ತಿರುವನಂತಪುರದ ಐಐಎಸ್‌ಟಿಯಲ್ಲಿ ಆಪ್ಟಿಕಲ್ ಎಂಜಿನಿಯರಿಂಗ್ ಇದೆ, ಐಐಟಿ ದೆಹಲಿ, ಕಲ್ಕತ್ತಾ ವಿಶ್ವವಿದ್ಯಾಲಯ, ಕೊಚ್ಚಿಯ ಕುಸಾಟ್‌ಗಳಲ್ಲಿ ಆಪ್ಟಿಕ್ಸಿನ ಒಂದೊಂದು ಬಗೆಯ ಕೋರ್ಸುಗಳಿವೆ. ಮೆಕ್ಯಾನಿಕಲ್‌ನವರನ್ನು ಯಾವುದಕ್ಕೆ ತಗೊಳ್ಳುತ್ತಾರೆ ಅಂತ ಆ ವರ್ಷದ ಪ್ರಕಟಣೆಯಲ್ಲೇ ನೋಡಿಕೊ, ಯಾರೋ ಹೇಳಿದ್ದನ್ನು ನಂಬಬೇಡ. ಹೊರಗೆ ಹೋಗುವ ಅನುಕೂಲ ಇದ್ದರೆ ಅಮೆರಿಕದ ರಾಚೆಸ್ಟರ್ ಮತ್ತು ಅರಿಜೋನಾ ಈ ವಿದ್ಯೆಗೇ ಹೆಸರಾದವು.

ಅದಕ್ಕೆಲ್ಲ ಇನ್ನೂ ಟೈಮಿದೆ. ಈ ವರ್ಷ ಇಷ್ಟು ಮಾಡು. ಕಾಲೇಜಿನ ಮೆಟ್ರಾಲಜಿ ಲ್ಯಾಬನ್ನು ಎಲ್ಲರ ಹಾಗೆ ರೆಕಾರ್ಡ್ ಬರೆಯೋಕೆ ಮಾತ್ರ ಬಳಸಬೇಡ, ಡಯಲ್ ಗೇಜ್ ಹಿಡಿದು ಮೈಕ್ರಾನ್ ಅಂದರೆ ಏನು ಅಂತ ಕೈಗೆ ಗೊತ್ತಾಗಲಿ. ಪೈಥಾನಿನಲ್ಲಿ ಬೆಳಕು ಗಾಜಿನಲ್ಲಿ ಎಷ್ಟು ಬಾಗುತ್ತದೆ ಅಂತ ಹೇಳುವ ಸ್ನೆಲ್ ನಿಯಮ ಹಾಕಿ ಮೂರು ಗಾಜಿನ ಮೂಲಕ ಕಿರಣ ಓಡಿಸುವ ಪ್ರೋಗ್ರಾಂ ನೀನೇ ಬರೆ, ರೆಡಿ ಸಾಫ್ಟ್‌ವೇರ್ ಆಮೇಲೆ. ಬೂಷ್ಟು ಹಿಡಿದ ಹಳೇ 50 ಮಿ.ಮೀ. ಸ್ಟಿಲ್ ಲೆನ್ಸ್ ಒಂದು ಅಗ್ಗಕ್ಕೆ ಸಿಕ್ಕಿದರೆ ಬಿಚ್ಚು, ಎಲ್ಲ ಅಳೆ, ವಾಪಸ್ ಜೋಡಿಸು. ಮೊದಲ ಸಲ ಜೋಡಿಸೋಕೆ ಬರಲ್ಲ, ಯಾರಿಗೂ ಬರಲ್ಲ. ರಜೆಯಲ್ಲಿ ಬೆಂಗಳೂರಿನ ಯಾವುದಾದರೂ ಕ್ಯಾಮೆರಾ ಬಾಡಿಗೆ ಕೊಡುವ ಕಡೆ ಲೆನ್ಸ್ ಸರ್ವಿಸ್ ಮಾಡುವವರ ಹತ್ತಿರ ಹದಿನೈದು ದಿನ ಕೂರು. ಮೌಂಟಿನ ದೂರ ಸರಿಮಾಡೋಕೆ ಶಿಮ್ ಅನ್ನುವ ತೆಳು ಬಿಲ್ಲೆ ಹಾಕುವುದು, ಲೆನ್ಸ್ ಪ್ರೊಜೆಕ್ಟರ್ ಮೇಲಿಟ್ಟು ಗೋಡೆಯಲ್ಲಿ ಗೆರೆ ನೋಡುವುದು ಅಲ್ಲಿ ಕಲಿಯಬಹುದು. ಸಂಬಳ ಕೇಳಬೇಡ, ಊಟ ಅವರೇ ಹಾಕುತ್ತಾರೆ.

ಅಮ್ಮನ ಮಾತನ್ನು ಪೂರ್ತಿ ತಳ್ಳಿಹಾಕಬೇಡ. ಮೊದಲ ನಾಲ್ಕೈದು ವರ್ಷ ನಿನ್ನ ಸಾಫ್ಟ್‌ವೇರ್ ಗೆಳತಿಯರಿಗಿಂತ ಕಡಿಮೆ ಸಂಬಳ ಬರುವ ಸಂಭವವೇ ಜಾಸ್ತಿ, ಅದನ್ನು ಮನೆಯಲ್ಲಿ ಈಗಲೇ ಹೇಳಿಬಿಡು. ಕೋಡಿಂಗ್ ಈ ಕೆಲಸಕ್ಕೂ ಬೇಕೇ ಬೇಕು, ಹಾಗಾಗಿ ಕಲಿತದ್ದು ಹಾಳಾಗಲ್ಲ, ಬೇಡ ಅನ್ನಿಸಿದರೆ ಅಮ್ಮ ಹೇಳಿದ ಕಡೆಗೆ ಹೋಗೋಕೆ ದಾರಿ ಇದ್ದೇ ಇರುತ್ತದೆ.

ಕನ್ನಡಕದ ವಿಷಯ. ಏನೂ ತೊಂದರೆಯಿಲ್ಲ. ನನ್ನದು ಮೈನಸ್ ಆರು, ಈಗ ಚಾಳೀಸೂ ಸೇರಿಕೊಂಡಿದೆ. ಮೈನಸ್ ನಾಲ್ಕು ಅಂದರೆ 25 ಸೆಂ.ಮೀ. ಫೋಕಲ್ ಲೆಂತ್‌ನ ಲೆನ್ಸ್ ಒಂದು ದಿನವಿಡೀ ನಿನ್ನ ಮೂಗಿನ ಮೇಲಿದೆ, ಅಭ್ಯಾಸಕ್ಕೆ ಅದೇ ಸಾಕು. ಇವತ್ತೇ ಅದನ್ನು ತೆಗೆದು ಕೈ ಚಾಚಿ ಹಿಡಿ. ಒಂದು ಗಾಜಿನ ಮೂಲಕ ಬಾಗಿಲ ಚೌಕಟ್ಟಿನ ಗೆರೆ ನೋಡುತ್ತಾ ಕನ್ನಡಕವನ್ನು ಗಡಿಯಾರದ ಮುಳ್ಳಿನ ಹಾಗೆ ನಿಧಾನಕ್ಕೆ ತಿರುಗಿಸು. ಗೆರೆ ಕತ್ತರಿ ಬಾಯಿ ತೆರೆದ ಹಾಗೆ ಓರೆಯಾದರೆ ನಿನ್ನ ಪವರಿನಲ್ಲಿ ಸಿಲಿಂಡರ್ ಇದೆ ಅಂತ. ಕಣ್ಣಿನ ಡಾಕ್ಟರ ಚೀಟಿಯಲ್ಲಿ ಅದನ್ನು ಬೇರೆ ಕಾಲಂನಲ್ಲಿ ಬರೆದಿರುತ್ತಾರೆ, ಹೋಲಿಸಿ ನೋಡು. ಅಜ್ಜಿ ಊರಿನ ಆ ಆಪರೇಟರ್ ಗಡಿಬಿಡಿಯಲ್ಲಿ ತಂದು ಸಿಕ್ಕಿಸಿದ ಕೊಳವೆಯಲ್ಲಿ ಇದ್ದದ್ದೂ ಅದೇ ಜಾತಿಯ ಗಾಜು.